ಕಿವಾನುಕಾ ಹಾಡು ಕೇಳೋಕೆ ರಾಟರ್‌ಡ್ಯಾಮ್‌ಗೆ ಹೋಗುವವರಿಗೆ

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆಯುವ ನಾರ್ತ್ ಸೀ ಜಾಜ್ ಸಂಗೀತ ಹಬ್ಬಕ್ಕೆ ನಾನು ಹೋಗಿದ್ದೇ ಮೈಕಲ್ ಕಿವಾನುಕಾ ಅವರ ಹಾಡು ಕೇಳೋಕೆ. ಲಂಡನ್‌ನವರು, ಅಪ್ಪ ಅಮ್ಮ ಉಗಾಂಡ ಮೂಲದವರು. ಗಿಟಾರ್ ಮೀಟುವುದು ಫೋಕ್ ಗಾಯಕರ ಹಾಗೆ, ದನಿ ಮಾತ್ರ ಪೂರ್ತಿ ಸೋಲ್, ಅಂದರೆ ಕಪ್ಪು ಅಮೆರಿಕನ್ನರ ಭಾವ ತುಂಬಿದ ಹಾಡಿನ ಶೈಲಿ. ವರ್ಷದ ಒಳ್ಳೆಯ ಆಲ್ಬಮ್‌ಗೆ ಬ್ರಿಟನ್‌ನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯನ್ನು 2020ರಲ್ಲಿ ಗೆದ್ದವರು.

ಮೊದಲು ವೀಸಾ ವಿಷಯ. ಹಬ್ಬ ನಡೆಯುವುದು ಜುಲೈನಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ. ಅದು ನಮ್ಮ ಜನ ಯುರೋಪ್‌ಗೆ ಹೊರಡುವ ಸೀಸನ್ನೂ ಹೌದು. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯವರೆಗೆ ಕಾಯಬೇಡಿ. ಟಿಕೆಟ್ ಒಂದು ದಿನದ್ದೂ ಸಿಗುತ್ತದೆ, ಮೂರು ದಿನದ್ದೂ ಸಿಗುತ್ತದೆ. ನಿಮ್ಮ ಗಾಯಕರು ಯಾವ ದಿನ ಹಾಡುತ್ತಾರೆ ಅಂತ ಖಚಿತ ಮಾಡಿಕೊಂಡೇ ಕೊಳ್ಳಿ. ಕೆಲವು ಸಂಗೀತ ಕಚೇರಿಗಳಿಗೆ ಬೇರೆ ದುಡ್ಡು ಕಟ್ಟಬೇಕು.

ಆ ಮೂರು ದಿನ ರಾಟರ್‌ಡ್ಯಾಮ್‌ನಲ್ಲಿ ಹೋಟೆಲ್ ಬಾಡಿಗೆ ಜಾಸ್ತಿ. ನಾನು ಡೆಲ್ಫ್ಟ್‌ನಲ್ಲಿ ಉಳಿದೆ, ರೈಲಿನಲ್ಲಿ ಕಾಲು ಗಂಟೆಯ ದಾರಿ. ರಾಟರ್‌ಡ್ಯಾಮ್ ಸೆಂಟ್ರಾಲ್‌ನಲ್ಲಿ ಇಳಿದು ಮೆಟ್ರೋ ಹತ್ತಿ ಜೌಡ್‌ಪ್ಲೈನ್‌ಗೆ ಹೋಗಿ, ಅಲ್ಲಿಂದ ಹಬ್ಬ ನಡೆಯುವ ಅಹೋಯ್ ಸಭಾಂಗಣ ಕಾಲ್ನಡಿಗೆಯಷ್ಟೇ ದೂರ. ರೈಲು, ಮೆಟ್ರೋ ಎರಡಕ್ಕೂ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ಇಳಿಯುವಾಗಲೂ ತಾಗಿಸಲು ಮರೆಯಬೇಡಿ. ವಿದೇಶದಲ್ಲಿ ಕಾರ್ಡ್ ತಾಗಿಸಿ ಕೊಡುವ ಸೌಲಭ್ಯವನ್ನು ಊರಿಂದ ಹೊರಡುವ ಮುಂಚೆಯೇ ಆನ್ ಮಾಡಿಕೊಳ್ಳಿ.

ಒಳಗೆ ಹತ್ತಾರು ವೇದಿಕೆಗಳು, ಎಲ್ಲಕ್ಕೂ ನದಿಗಳ ಹೆಸರು: ನೈಲ್, ಅಮೆಜಾನ್, ಹಡ್ಸನ್, ಕಾಂಗೋ. ಒಂದೇ ಹೊತ್ತಿಗೆ ಎಲ್ಲ ಕಡೆ ಹಾಡು. ಮೊದಲ ದಿನ ನಾನು ಆಸೆಗೆ ಬಿದ್ದು ಒಂದರಿಂದ ಇನ್ನೊಂದಕ್ಕೆ ಓಡಾಡಿದೆ. ಏಳು ಕಚೇರಿಗೆ ಹೋದೆ, ಒಂದನ್ನೂ ಕೇಳಲಿಲ್ಲ. ಒಂದು ಕಡೆಯಂತೂ ಹಾಲ್ ತುಂಬಿ ಬಾಗಿಲು ಹಾಕಿದ್ದರು.

ಕಿವಾನುಕಾ ದಿನ ಹಾಗೆ ಮಾಡಲಿಲ್ಲ. ಮುಕ್ಕಾಲು ಗಂಟೆ ಮೊದಲೇ ಹೋಗಿ, ಸೌಂಡ್ ಮಿಕ್ಸಿಂಗ್ ಮೇಜಿನ ಮುಂದೆ ನಿಂತೆ. ದನಿ ಅಲ್ಲಿ ಚೆನ್ನಾಗಿ ಕೇಳುತ್ತದೆ, ನೀವೂ ಅಲ್ಲೇ ಜಾಗ ಹಿಡಿಯಿರಿ. ಇವರ 2016ರ ಆಲ್ಬಮ್‌ನ ಮೊದಲ ಹಾಡು ಹತ್ತು ನಿಮಿಷದ್ದು. ಮೊದಲ ಐದು ನಿಮಿಷ ತಂತಿ ವಾದ್ಯ, ಗಿಟಾರ್, ಕೋರಸ್ ಅಷ್ಟೇ. ಇವರು ಬಾಯಿ ಬಿಡುವುದು ಆಮೇಲೆ. ಅವತ್ತು ಅದನ್ನು ಶುರು ಮಾಡಿದಾಗ ಹಿಂದಿನ ಸಾಲುಗಳಿಂದ ಕೆಲವರು ಬೇರೆ ಹಾಲ್‌ಗೆ ಹೊರಟೇಬಿಟ್ಟರು. ನನಗೆ ಹೊಟ್ಟೆ ಉರಿಯಿತು. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ಆಲಾಪನೆ ನಡೆಯುವಾಗ ಎದ್ದು ಹೋಗ್ತೀವಾ? ಪಕ್ಕದಲ್ಲಿದ್ದ ನರೆಗೂದಲಿನ ಹೆಂಗಸು ಬಿಯರ್ ಲೋಟವನ್ನು ತಮ್ಮ ಎರಡು ಶೂಗಳ ನಡುವೆ ಇಟ್ಟು ಕಣ್ಣು ಮುಚ್ಚಿಕೊಂಡರು. ಕಿವಾನುಕಾ ದನಿ ಬಂತು. ದೊಡ್ಡ ದನಿಯೇನಲ್ಲ, ಅಂಚಿನಲ್ಲಿ ಸ್ವಲ್ಪ ಒರಟು. ಆ ಹೆಂಗಸು ಕಣ್ಣು ತೆರೆಯಲೇ ಇಲ್ಲ, ಲೋಟವನ್ನೂ ಮುಟ್ಟಲಿಲ್ಲ.

ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ಬಾಸ್ ಎದೆಗೆ ಗುದ್ದುತ್ತದೆ. ಸಸ್ಯಾಹಾರಿಗಳು ಊರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್ ಮೂಲದವರ ರೊಟ್ಟಿ ಅಂಗಡಿ ಹುಡುಕಿ. ಅವರ ಹಿರಿಯರು ಭಾರತದಿಂದ ಹೋದವರು. ಆಲೂ, ಹುರುಳಿಕಾಯಿ ಪಲ್ಯದ ಜೊತೆ ಬಿಸಿ ರೊಟ್ಟಿ ಕೊಡುತ್ತಾರೆ. ಮೊಟ್ಟೆ ಬೇಡ ಅಂದರೆ ಮೊದಲೇ ಹೇಳಿ.

ವಾಪಸ್ ಹೋಗುವ ಚಿಂತೆಗೆ ಕೊನೆಯ ಹಾಡು ಬಿಟ್ಟು ಬರಬೇಡಿ. ರಾಟರ್‌ಡ್ಯಾಮ್‌ನಿಂದ ಡೆಲ್ಫ್ಟ್ ಕಡೆಗೆ ನಡುರಾತ್ರಿ ಕಳೆದ ಮೇಲೂ ರೈಲು ಇರುತ್ತದೆ.