ಬೇಕೆಂದೇ ಬರಿಸಿದ ಸುಕ್ಕು

"ಬಣ್ಣ ಪೂರ್ತಿ ಕೆಟ್ಟುಹೋಗಿದೆ ಸರ್. ಉಜ್ಜಿ ನುಣ್ಣಗೆ ಮಾಡಿಕೊಡುತ್ತೇನೆ."

ಹಳೆಯ ಪ್ರೊಜೆಕ್ಟರ್‌ನ ಕಪ್ಪು ಮೈಮೇಲೆ ಹೆಬ್ಬೆರಳು ಆಡಿಸುತ್ತಾ ಬಣ್ಣದ ಕೆಲಸದವರು ಮೊನ್ನೆ ಆಡಿದ ಈ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ಕೆಟ್ಟಿದ್ದು ಅಂಗೈಯಗಲದ ಜಾಗ ಮಾತ್ರ. ದೀಪದ ಗೂಡಿನ ಪಕ್ಕ ಬಣ್ಣ ಎದ್ದು ಲೋಹ ಕಾಣುತ್ತಿತ್ತು, ಅಷ್ಟಕ್ಕೇ ಒಯ್ದಿದ್ದೆ. ಅವರ ಬೆರಳು ಆಡುತ್ತಿದ್ದುದು ಅಲ್ಲಲ್ಲ. ಒಂದಿಷ್ಟೂ ಕೆಡದ ಜಾಗದಲ್ಲಿ, ಒಂದಕ್ಕೊಂದು ಹೆಣೆದುಕೊಂಡ ಸಣ್ಣ ಸುಕ್ಕುಗಳ ಮೇಲೆ.

ಕೆಲಸದಲ್ಲಿ ಅವರಿಗೆ ಸಾಟಿಯಿಲ್ಲ. ಅವರು ಬಣ್ಣ ಹಚ್ಚಿದ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಆದರೆ ಎದುರಿನವರ ಮಾತು ಮುಗಿಯುವವರೆಗೆ ಕಾಯುವ ಜಾಯಮಾನ ಅವರದ್ದಲ್ಲ. "ಇದು ಕೆಟ್ಟದ್ದಲ್ಲ, ಮಾಡಿದ್ದೇ ಹೀಗೆ" ಎಂದೆ. "ಬೇಕೆಂದೇ ಯಾರಾದರೂ ಸುಕ್ಕು ಬರಿಸುತ್ತಾರೆಯೇ?" ಎಂದು ನಕ್ಕುಬಿಟ್ಟರು.

ಬರಿಸುತ್ತಿದ್ದರು. ಬೆಲ್ ಅಂಡ್ ಹೊವೆಲ್ ಕಂಪನಿಯ ಫಿಲ್ಮೊ 70 ಸರಣಿಯ 16 ಮಿ.ಮೀ. ಸಿನಿ ಕ್ಯಾಮೆರಾಗಳನ್ನು ಮುಟ್ಟಿದವರಿಗೆ ಈ ತರಿತರಿ ಗೊತ್ತು. ಚೀನಾ ಮೂಲದ ಮರವೊಂದರ ಬೀಜದಿಂದ ತೆಗೆದ ಟಂಗ್ ಎಣ್ಣೆ ಇದರ ಜೀವಾಳ. ಬಣ್ಣವನ್ನು ದಪ್ಪಗೆ ಹಚ್ಚಿ ಬಿಸಿ ಮಾಡಿದರೆ ಮೇಲ್ಪದರ ಗಾಳಿಯ ಆಮ್ಲಜನಕ ಹೀರಿ ಮೊದಲು ಚರ್ಮ ಕಟ್ಟುತ್ತದೆ. ಒಳಗಿನದು ಇನ್ನೂ ಹಸಿ. ಚರ್ಮ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲ, ಮಡಚಿಕೊಳ್ಳುತ್ತದೆ. ಕೋಬಾಲ್ಟ್ ಲವಣ ಬೆರೆಸಿದರೆ ಮೇಲ್ಮೈ ಇನ್ನೂ ಬೇಗ ಒಣಗುತ್ತದೆ. ವಾರ್ನಿಷ್ ಮಾಡುವವರಿಗೆ ಇದೊಂದು ದೋಷ, ತಪ್ಪಿಸಬೇಕಾದ ಪೀಡೆ. ಅದನ್ನೇ ಪಳಗಿಸಿ ಮಾರಿದವರ ಧೈರ್ಯ ನನಗೆ ಇಷ್ಟ.

ಧೈರ್ಯವೋ ಜಾಣತನವೋ. ಎರಕದ ಲೋಹದಲ್ಲಿ ಹೊಂಡ, ಗೀರು ಉಳಿದಿರುತ್ತವೆ. ಅವನ್ನೆಲ್ಲ ಅರ ಹಾಕಿ ಸಮ ಮಾಡುವ ಬದಲು ಸುಕ್ಕಿನಡಿ ಮುಚ್ಚಿಬಿಡಬಹುದು. ಬೆಳಕು ಪ್ರತಿಫಲಿಸುವುದಿಲ್ಲ, ಬೆರಳಚ್ಚು ಕಾಣುವುದಿಲ್ಲ, ಹಿಡಿದರೆ ಜಾರುವುದಿಲ್ಲ ಎಂಬುದೆಲ್ಲ ಮೇಲಿನ ಲಾಭ. (ಧೂಳು ಮಾತ್ರ ಸಂದಿಯಲ್ಲಿ ಪಟ್ಟಾಗಿ ಕೂರುತ್ತದೆ.) ಅಂದರೆ ಆ ಹೆಬ್ಬೆರಳು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು, ನನ್ನನ್ನು ಕೊರೆಯುತ್ತಿರುವುದೂ ಅದೇ.

ಹಾಗಿದ್ದರೂ ಕೋಪ ಇಳಿದಿಲ್ಲ. ನುಣುಪಾಗಿದ್ದರೆ ಮಾತ್ರ ಅಲ್ಲಿ ಶ್ರಮವಿದೆ ಎಂದು ನಂಬುವವರು ಬಣ್ಣದವರೊಬ್ಬರೇ ಅಲ್ಲ. ಕ್ಯಾಮೆರಾ ಸಂಗ್ರಹಿಸುವ ನನ್ನ ಗೆಳೆಯನೂ ಸಿಕ್ಕಿದ್ದನ್ನೆಲ್ಲ ಉಜ್ಜಿ ಮಿನುಗಿಸಿ ಕಪಾಟಿನಲ್ಲಿ ಜೋಡಿಸುತ್ತಾನೆ. ಯಾವುದು ಯಾವ ಕಾಲದ್ದು, ಯಾರ ಕೈ ಎಲ್ಲಿ ಸವೆಸಿತ್ತು, ಒಂದರಲ್ಲೂ ಗುರುತು ಉಳಿದಿಲ್ಲ. ಅವನ ಕಪಾಟು ನೋಡಿದಾಗ ಅಂಗಡಿ ನೋಡಿದಂತಾಗುತ್ತದೆ.

ಮಾತಿನಿಂದ ಆಗದು ಎನಿಸಿ, ಸುಕ್ಕು ಬರುವ ಸ್ಪ್ರೇ ಬಣ್ಣದ ಡಬ್ಬಿಯೊಂದಿಗೆ ಮತ್ತೆ ಹೋದೆ. ತಗಡಿನ ಚೂರಿಗೆ ಉದ್ದ, ಅಡ್ಡ, ಓರೆಯಾಗಿ ಮೂರು ದಪ್ಪ ಪದರ ಹೊಡೆಸಿ ಹೀಟ್ ಗನ್ ಹಿಡಿಸಿದೆ. ಹೊಳೆಯುತ್ತಿದ್ದ ಬಣ್ಣ ಮಂಕಾಯಿತು. ನೋಡನೋಡುತ್ತಿದ್ದಂತೆ ಅಂಚಿನಿಂದ ಒಳಕ್ಕೆ ಮುದುಡುತ್ತಾ ಬಂತು. ಅವರು ಹೀಟ್ ಗನ್ ಕೆಳಗಿಟ್ಟು ಪ್ರೊಜೆಕ್ಟರನ್ನೂ ತಗಡನ್ನೂ ಪಕ್ಕಪಕ್ಕ ಹಿಡಿದರು. "ಸುಕ್ಕು ದೊಡ್ಡದಾಯಿತು, ಹೊಂದುವುದಿಲ್ಲ. ಪದರ ತೆಳ್ಳಗಿರಬೇಕು" ಎಂದು ನನ್ನನ್ನು ಕೇಳದೆಯೇ ಇನ್ನೊಂದು ಚೂರು ತಂದರು.

ಪ್ರೊಜೆಕ್ಟರ್ ಇನ್ನೂ ಅಲ್ಲೇ ಇದೆ. ನಿನ್ನೆ ಫೋನ್ ಮಾಡಿದರೆ, "ಅವಸರ ಮಾಡಬೇಡಿ ಸರ್, ಸುಕ್ಕು ಇನ್ನೂ ಸಣ್ಣಗೆ ಬರಬೇಕು" ಎಂದು ನನಗೇ ಗದರಿದರು.