ಪುಟ್ಟ ಡೈ ಕಾಸ್ಟಿಂಗ್ ಯಂತ್ರ: ಈಗ ಗಾಳಿಗೆ ದಾರಿ ಮಾಡುವ ಕೆಲಸ

ನನ್ನ ಪುಟ್ಟ ಡೈ ಕಾಸ್ಟಿಂಗ್ ಯಂತ್ರ, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬುವ ಯಂತ್ರ, ಈಗ ಚೆನ್ನಾಗಿ ಓಡುತ್ತಿದೆ. ಸತು ಕರಗುವ ಪಾತ್ರೆ, ಅದರೊಳಗೆ ಮುಳುಗಿದ್ದು ಲೋಹವನ್ನು ಅಚ್ಚಿಗೆ ಒಯ್ಯುವ ಬಾಗಿದ ಕೊಳವೆ (ಗೂಸ್‌ನೆಕ್), ಲೋಹ ತಳ್ಳುವ ಪ್ಲಂಜರ್, ಅಚ್ಚು ಬಿಗಿಯುವ ಟಾಗಲ್ ಎಲ್ಲ ಒಟ್ಟಿಗೆ ಕೆಲಸ ಮಾಡುವ ಹಂತಕ್ಕೆ ಬಂದಿವೆ. ಎರಕ ಹೊಯ್ಯುತ್ತಿರುವುದು ಒಂದು ಚಿಕ್ಕ ನಾಬ್. ವ್ಯಾಸ 30 ಮಿ.ಮೀ., ಎತ್ತರ 15 ಮಿ.ಮೀ. ಒಳಗೆ ಟೊಳ್ಳು, ನಡುವೆ ಸ್ಕ್ರೂ ಹಿಡಿಯುವುದಕ್ಕೆ 12 ಮಿ.ಮೀ. ದಪ್ಪದ ಗುಬುಟು, ಅಂದರೆ ಬಾಸ್.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಪ್ಲಂಜರ್‌ನ ವ್ಯಾಸ 16 ಮಿ.ಮೀ. ಅದನ್ನು ತಳ್ಳುವುದು 63 ಮಿ.ಮೀ. ಏರ್ ಸಿಲಿಂಡರ್, ಗಾಳಿಯ ಒತ್ತಡ 6 ಬಾರ್. ವಿಸ್ತೀರ್ಣಗಳ ಅನುಪಾತ ಹಾಕಿದರೆ ಲೋಹದ ಮೇಲೆ ಸುಮಾರು 93 ಬಾರ್ ಒತ್ತಡ ಬೀಳುತ್ತದೆ. ನಾಬ್ ಮತ್ತು ರನ್ನರ್ (ಲೋಹ ಹರಿದು ಬರುವ ಕಾಲುವೆ) ಸೇರಿ ಅಚ್ಚಿನ ಮುಖದಲ್ಲಿ 860 ಚದರ ಮಿ.ಮೀ. ಆಗುತ್ತದೆ. ಹಾಗಾಗಿ ಅಚ್ಚನ್ನು ಬಿಚ್ಚಲು ನೋಡುವ ಬಲ ಸುಮಾರು 800 ಕೆ.ಜಿ. ಟಾಗಲ್ ಇದಕ್ಕಿಂತ ಜಾಸ್ತಿ ಬಲದಲ್ಲಿ ಬಿಗಿಯಲೇಬೇಕು. ಇಲ್ಲದಿದ್ದರೆ ಎರಡು ಭಾಗಗಳ ಸಂದಿಯಲ್ಲಿ ಸತು ನುಗ್ಗಿ ಅಂಚಿಗೆಲ್ಲ ತೆಳು ಪದರ (ಫ್ಲ್ಯಾಶ್) ಬರುತ್ತದೆ.

ಲೋಹ ಜಮಾಕ್ 3. ಅಂದರೆ ಸತುವಿಗೆ 4% ಅಲ್ಯೂಮಿನಿಯಂ, ಜೊತೆಗೆ ತೀರಾ ಸ್ವಲ್ಪ ಮೆಗ್ನೀಸಿಯಂ. ಇದು 381ರಿಂದ 387 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ನಾನು ಪಾತ್ರೆಯನ್ನು 420ರಲ್ಲಿ ಇಡುತ್ತೇನೆ. 450 ದಾಟಿದರೆ ಸತು ಪಾತ್ರೆಯ ಕಬ್ಬಿಣವನ್ನೇ ತಿನ್ನಲು ಶುರು ಮಾಡುತ್ತದೆ, ಮೇಲೆ ಕಿಟ್ಟವೂ ಜಾಸ್ತಿ. ಗುರುತು ಪರಿಚಯ ಇಲ್ಲದ ಹಳೆ ಗುಜರಿಯನ್ನು ಪಾತ್ರೆಗೆ ಹಾಕುವುದೇ ಇಲ್ಲ. ಸೀಸ, ತವರ, ಕ್ಯಾಡ್ಮಿಯಂ ಚೂರೇ ಚೂರು ಬೆರೆತರೂ ಸಾಕು, ವರ್ಷಗಳ ನಂತರ ಎರಕ ಒಳಗಿನಿಂದ ಬಿರಿದು ಪುಡಿಯಾಗುತ್ತದೆ. ಹಳೆಯ ಆಟಿಕೆ ರೈಲುಗಳು ಕೈಯಲ್ಲೇ ಉದುರಿಹೋಗುವುದು ಇದೇ ಕಾರಣಕ್ಕೆ. ಇನ್ನೊಂದು ಮಾತು. ಲೋಹದ ಗಟ್ಟಿಯನ್ನು ಪಾತ್ರೆಯ ಅಂಚಿನಲ್ಲಿ ಬಿಸಿ ಮಾಡಿ ಪೂರ್ತಿ ಒಣಗಿಸಿಯೇ ಒಳಗೆ ಬಿಡಬೇಕು. ನೀರು ಆವಿಯಾದಾಗ 1,600ಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಒಂದು ಹನಿ ಸಾಕು, ಕರಗಿದ ಸತು ಮುಖಕ್ಕೆ ಹಾರುತ್ತದೆ. ಮುಖಕ್ಕೆ ಶೀಲ್ಡ್ ಇಲ್ಲದೆ ಹತ್ತಿರ ಹೋಗಲೇಬೇಡಿ.

ಈಗ ನಿಜವಾದ ವಿಷಯಕ್ಕೆ ಬರೋಣ.

ಗೇಟ್, ಅಂದರೆ ಲೋಹ ಅಚ್ಚಿನೊಳಗೆ ನುಗ್ಗುವ ಕಿರಿದಾದ ಬಾಯಿ, 0.5 ಮಿ.ಮೀ. ದಪ್ಪ, 10 ಮಿ.ಮೀ. ಅಗಲ. ಪ್ಲಂಜರ್‌ನ ವಿಸ್ತೀರ್ಣ ಇದರ 40 ಪಟ್ಟು. ಅಂದರೆ ಪ್ಲಂಜರ್ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಗೇಟಿನಲ್ಲಿ ಸತು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನುಗ್ಗುತ್ತದೆ. ದೊಡ್ಡ ಯಂತ್ರಗಳಲ್ಲಿ ಇದು 30ರಿಂದ 50 ಮೀಟರ್ ಇರುತ್ತದೆ. ನನ್ನ ನಾಬ್ ತುಂಬಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಅಷ್ಟರಲ್ಲಿ ಅಚ್ಚಿನಲ್ಲಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಈ ಹಂತದ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ.

ನಾಬ್‌ನ ಘನ ಅಳತೆ ಸುಮಾರು 7 ಘನ ಸೆಂ.ಮೀ. ಲೋಹದ ಸಾಂದ್ರತೆ ಘನ ಸೆಂ.ಮೀ.ಗೆ 6.6 ಗ್ರಾಂ. ಹಾಗಾಗಿ ಗಟ್ಟಿಯಾಗಿ ತುಂಬಿದ ನಾಬ್ 46 ಗ್ರಾಂ ತೂಗಬೇಕು. ಮೊದಮೊದಲು ಬಂದವು 43 ಗ್ರಾಂ ಆಸುಪಾಸು ತೂಗಿದವು. ಹೊರಗಿನಿಂದ ನೋಡಿದರೆ ಕನ್ನಡಿಯಂಥ ಹೊಳಪು, ಒಂದು ಗೆರೆಯೂ ಇಲ್ಲ. ಹ್ಯಾಕ್ಸಾದಿಂದ ನಡುವೆ ಕೊಯ್ದು, ಎಮರಿ ಕಾಗದದ ಮೇಲೆ ಉಜ್ಜಿ ನೋಡಿದೆ. ಬಾಸ್‌ನ ಒಳಗೆ ದುಂಡನೆಯ ಗುಳಿಗಳು. ಒಳಗೋಡೆ ನುಣ್ಣಗೆ, ಪಳಪಳ ಅನ್ನುತ್ತಿತ್ತು. ದುಂಡಗಿದ್ದು ನುಣುಪಾಗಿದ್ದರೆ ಅದು ಸಿಕ್ಕಿಬಿದ್ದ ಗಾಳಿ ಅಂತಲೇ ಅರ್ಥ. ಇನ್ನೊಂದು ನಾಬನ್ನು ಓವನ್‌ನಲ್ಲಿ 200 ಡಿಗ್ರಿಗೆ ಕಾಯಿಸಿದೆ. ಮೇಲ್ಮೈಯಲ್ಲಿ ಸಣ್ಣ ಬೊಬ್ಬೆಗಳು ಎದ್ದವು. ಮುಂದೆ ಪೌಡರ್ ಕೋಟಿಂಗ್ ಮಾಡಬೇಕೆಂದರೆ ಇದನ್ನು ಹೀಗೇ ಬಿಡುವಂತಿಲ್ಲ, ಅಲ್ವಾ?

ಲೋಹ ಒಳಗೆ ಹೇಗೆ ಓಡುತ್ತದೆ ಎಂದು ಕಣ್ಣಾರೆ ನೋಡಲು ಆಗುವುದಿಲ್ಲ. ಆದರೆ ಒಂದು ಒಳ್ಳೆ ಉಪಾಯ ಇದೆ. ಪ್ಲಂಜರ್‌ಗೆ ಅಡ್ಡಲಾಗಿ ಸ್ಟಾಪರ್ ಇಟ್ಟು ಬೇಕೆಂದೇ ಕಡಿಮೆ ಸತು ಬಿಡುವುದು. ಕಾಲು, ಅರ್ಧ, ಮುಕ್ಕಾಲು ಹೀಗೆ ಅಳತೆ ಏರಿಸುತ್ತಾ ಹೋದೆ. ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ಕತೆ ಸ್ಪಷ್ಟವಾಯಿತು. ಸತು ಮೊದಲು ಎದುರಿನ ಗೋಡೆಗೆ ಬಡಿಯುತ್ತದೆ. ಅಲ್ಲಿಂದ ಎರಡು ಕವಲಾಗಿ ಸುತ್ತಿನ ಅಂಚಿನುದ್ದಕ್ಕೂ ಹಿಂದಕ್ಕೆ ಬರುತ್ತದೆ. ಅಷ್ಟರಲ್ಲಿ ಅಚ್ಚಿನ ಎರಡು ಭಾಗ ಕೂಡುವ ಗೆರೆ (ಪಾರ್ಟಿಂಗ್ ಲೈನ್) ಮುಚ್ಚಿಹೋಗಿ, ಅಲ್ಲಿದ್ದ ಗಾಳಿದಾರಿಗಳೆಲ್ಲ (ವೆಂಟ್) ಬಂದ್. ಬಾಸ್ ತುಂಬುವುದು ಕಟ್ಟಕಡೆಗೆ. ಅದು ಅಚ್ಚಿನ ಹಿಂಭಾಗದಲ್ಲಿ ಕೊರೆದ ಕುರುಡು ಗುಂಡಿ, ಗಾಳಿಗೆ ಅಲ್ಲಿಂದ ಬೇರೆ ದಾರಿಯೇ ಇಲ್ಲ.

ಆ ಗುಂಡಿಯ ತಳದಲ್ಲಿ ಎರಕವನ್ನು ಅಚ್ಚಿನಿಂದ ಹೊರತಳ್ಳುವ 4 ಮಿ.ಮೀ. ಇಜೆಕ್ಟರ್ ಪಿನ್ ಒಂದಿದೆ. ಗಾಳಿಯ ದಾರಿಗೆ ಅದನ್ನೇ ಬಳಸಿಕೊಂಡೆ. ಪಿನ್ನಿನ ಮೂರು ಬದಿ 0.1 ಮಿ.ಮೀ. ಚಪ್ಪಟೆಯಾಗಿ ಉಜ್ಜಿದೆ. ತುದಿಯಿಂದ 5 ಮಿ.ಮೀ. ವರೆಗೆ ಮಾತ್ರ ಇಷ್ಟು, ಅದರ ಹಿಂದೆ ಆಳ ಜಾಸ್ತಿ. 0.1 ಮಿ.ಮೀ. ಎಂದರೆ ಒಂದು ಹಾಳೆ ಕಾಗದದ ದಪ್ಪ. ಗಾಳಿ ಅದರಲ್ಲಿ ಸಲೀಸಾಗಿ ಹೋಗುತ್ತದೆ, ಸತು ಹೊಕ್ಕ ತಕ್ಷಣ ಹೆಪ್ಪುಗಟ್ಟಿ ನಿಲ್ಲುತ್ತದೆ. ಪಿನ್ ಪ್ರತಿ ಸಲ ಮುಂದೆ ಹಿಂದೆ ಓಡಾಡುವುದರಿಂದ ದಾರಿ ತಾನಾಗಿಯೇ ಸ್ವಚ್ಛವಾಗುತ್ತದೆ. ಈ ಉಪಾಯ ನನಗೆ ತುಂಬಾ ಇಷ್ಟ.

ಜೊತೆಗೆ ಅಚ್ಚಿನ ಬಿಸಿಯನ್ನು 180 ಡಿಗ್ರಿಗೆ ನಿಲ್ಲಿಸಿದೆ. ಎರಡು ಕಾರ್ಟ್ರಿಡ್ಜ್ ಹೀಟರ್, ಒಂದು ಥರ್ಮೋಕಪಲ್. ಇದಕ್ಕಿಂತ ತೀರಾ ತಣ್ಣಗಿದ್ದರೆ ಎರಡು ಕವಲು ಸೇರುವಲ್ಲಿ ಕೂಡದ ಗೆರೆ ಉಳಿಯುತ್ತದೆ. ತೀರಾ ಬಿಸಿಯಾದರೆ ಎರಕ ಅಚ್ಚಿಗೆ ಅಂಟಿಕೊಳ್ಳುತ್ತದೆ.

ಈಗಿನ ನಾಬ್‌ಗಳು 45 ಗ್ರಾಂ ದಾಟಿವೆ. ಓವನ್‌ನಲ್ಲಿ ಬೊಬ್ಬೆ ಏಳುತ್ತಿಲ್ಲ. ಕೊಯ್ದು ನೋಡಿದರೆ ದುಂಡನೆಯ ಗುಳಿಗಳೂ ಇಲ್ಲ. ಆದರೆ ಬಾಸ್‌ನ ನಟ್ಟನಡುವೆ ಒರಟೊರಟಾದ, ಹರಕು ಅಂಚಿನ ಸಣ್ಣ ತೂತುಗಳು ಉಳಿದಿವೆ. ಇದು ಗಾಳಿಯ ಕೆಲಸ ಅಲ್ಲ. ಸತು ಗಟ್ಟಿಯಾಗುವಾಗ ಕುಗ್ಗುತ್ತದೆ. ದಪ್ಪ ಬಾಸ್ ಕೊನೆಗೆ ಆರುತ್ತದೆ, ಅಷ್ಟರಲ್ಲಿ ತೆಳು ಗೇಟ್ ಗಟ್ಟಿಯಾಗಿ ಪ್ಲಂಜರ್‌ನ ಒತ್ತಡ ಅಲ್ಲಿಗೆ ತಲುಪುವುದೇ ಇಲ್ಲ. ಗೇಟ್ ದಪ್ಪ ಮಾಡಿದರೆ ವೇಗ ಇಳಿಯುತ್ತದೆ. ಅದು ನನಗೆ ಬೇಡ. ಬಾಸ್ ತೆಳುವಾಗಬೇಕು. ಆಮೇಲೆ ತೂತು ಕೊರೆಯುವ ಬದಲು ಅಚ್ಚಿನಲ್ಲೇ 5 ಮಿ.ಮೀ. ಕೋರ್ ಪಿನ್, ಅಂದರೆ ಎರಕದಲ್ಲೇ ತೂತು ಬಿಡಿಸುವ ಕಡ್ಡಿ, ನಿಲ್ಲಿಸುವುದು ಒಳ್ಳೆಯದು.

ತೊಡಕು ಏನೆಂದರೆ, ಕೋರ್ ಪಿನ್ ಬರಬೇಕಾದ ಜಾಗದಲ್ಲೇ ಇಜೆಕ್ಟರ್ ಪಿನ್ ಇದೆ. ಹಾಗಾಗಿ ಸ್ಲೀವ್ ಇಜೆಕ್ಟರ್ ಮಾಡುತ್ತಿದ್ದೇನೆ. ಕೋರ್ ಪಿನ್ ಸುತ್ತ ಜಾರುವ ಕೊಳವೆ, ಹೊರಗೆ 8 ಮಿ.ಮೀ., ಒಳಗೆ 5. ಸತು ಕುಗ್ಗುತ್ತಾ ಪಿನ್ನನ್ನೇ ಬಿಗಿಯಾಗಿ ಹಿಡಿಯುತ್ತದೆ, ಅದಕ್ಕೆ ಪಿನ್ನಿಗೆ 1 ಡಿಗ್ರಿ ಇಳಿಜಾರು. ಗಾಳಿಯ ಚಪ್ಪಟೆ ದಾರಿಗಳು ಇನ್ನು ಸ್ಲೀವ್‌ನ ಹೊರಮೈಗೆ ಬರುತ್ತವೆ. ಒಳಮೈ ರೀಮ್ ಮಾಡಿ (ಅಳತೆಗೆ ನುಣ್ಣಗೆ ಕೊರೆದು) ಆಗಿದೆ. ಸ್ಲೀವನ್ನು ಗಟ್ಟಿ ಮಾಡಿ, ಹೊರಮೈ ಗ್ರೈಂಡ್ ಮಾಡುವುದು ಬಾಕಿ.