ಕಟ್ಟಿಗೆ ಒಪ್ಪಿಕೊಂಡ ಬಲ

ಮಾರ್ಗಶಿರ ಶುದ್ಧ ತ್ರಯೋದಶಿ ಹನುಮದ್ವ್ರತದ ದಿನ. ಮೊದಲು ಪಂಪಾಪೂಜೆ, ಆಮೇಲೆ ಹನುಮನ ಪೂಜೆ. 13 ಗಂಟಿನ ದಾರ ಕಟ್ಟಿಕೊಂಡು ಕಥೆ ಕೇಳುತ್ತೇವೆ. ಆ ಕಥೆ ನನಗೆ ಪ್ರತಿ ಸಲವೂ ಸ್ವಲ್ಪ ಇರಿಸುಮುರಿಸು. ಯಾಕೆಂದರೆ ಅದರಲ್ಲಿ ಎಡವುವವನು ರಾಕ್ಷಸನಲ್ಲ, ನಮ್ಮ ಅರ್ಜುನ.

ಕಾಡಿನಲ್ಲಿದ್ದ ಧರ್ಮರಾಜನಿಗೆ ವ್ಯಾಸರು ಹೇಳುವ ಕಥೆ ಅದು. ದ್ರೌಪದಿ ವ್ರತ ಹಿಡಿದು ದಾರ ಕಟ್ಟಿಕೊಂಡಿದ್ದಳು. ಇದೇನು ಅಂತ ಅರ್ಜುನ ಕೇಳಿದ. ಹನುಮನ ದಾರ ಎಂದಳು. ನನ್ನ ಬಾವುಟದಲ್ಲಿ ಕೂತಿರುವ ಕೋತಿಗೆ ವ್ರತ ಬೇರೆಯಾ ಎಂದು ರೇಗಿ, ಅದನ್ನು ಕಿತ್ತು ಬಿಸಾಡಿದ. ಗಂಟಿಗೊಂದು ವರ್ಷದಂತೆ 13 ವರ್ಷ ಕಷ್ಟ ಬಂತು. ಇನ್ನು ಭೀಮನ ಪಾಡು ಗೊತ್ತೇ ಇದೆ. ಸೌಗಂಧಿಕಾ ಹೂವಿಗೆ ಹೊರಟವನು ದಾರಿಗಡ್ಡ ಮಲಗಿದ್ದ ಮುದಿ ಕಪಿಯ ಬಾಲ ಎತ್ತಲಾಗದೆ ಬೆವೆತ.

ಬಲವಂತರ ಕಥೆ ಎಲ್ಲಾ ಕಡೆ ಹೀಗೇ ಏನೋ. ಗ್ರೀಕರ ಹೆರಾಕ್ಲೀಸ್ ಹುಚ್ಚು ಹಿಡಿದು ತನ್ನ ಮಕ್ಕಳನ್ನೇ ಕೊಂದ. ಹೆಸರುವಾಸಿಯಾದ ಅವನ 12 ಸಾಹಸಗಳು ಆ ಪಾಪಕ್ಕೆ ಪ್ರಾಯಶ್ಚಿತ್ತ. ಇರಾನಿನ ರುಸ್ತುಮನ ಕಥೆ ಇನ್ನೂ ಕರುಳು ಹಿಂಡುತ್ತದೆ. ಹರೆಯದಲ್ಲಿ ಅವನಿಗೆ ಎಷ್ಟು ಬಲವಿತ್ತೆಂದರೆ ಬಂಡೆ ಮೇಲೆ ಕಾಲಿಟ್ಟರೂ ಪಾದ ಹೂತುಹೋಗುತ್ತಿತ್ತಂತೆ. ಸ್ವಲ್ಪ ಕಡಿಮೆ ಮಾಡಪ್ಪಾ ಎಂದು ದೇವರನ್ನು ಬೇಡಿದ. ಬಲ ಜಾಸ್ತಿಯಾಯಿತು ಎಂದು ಮೊರೆಯಿಟ್ಟವರು ಬೇರೆ ಯಾರಿದ್ದಾರೆ? ಆದರೆ ಎಷ್ಟೋ ವರ್ಷದ ಮೇಲೆ ಒಬ್ಬ ತರುಣನ ಎದುರು ಕುಸ್ತಿಯಲ್ಲಿ ಸೋತಾಗ ಅದನ್ನು ವಾಪಸ್ ಕೇಳಿಕೊಂಡ. ಸಿಕ್ಕಿತು. ಆ ಬಲದಿಂದ ಕೊಂದದ್ದು ತನ್ನ ಮಗ ಸೊಹ್ರಾಬನನ್ನೇ. ಗುರುತು ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೈಬಲ್ಲಿನ ಸಂಸೋನನೂ ಕೇಳಿಕೊಂಡವನೇ. ಹೊಸ ಹಗ್ಗದಿಂದ ಬಿಗಿದರೂ ನೂಲಿನ ಹಾಗೆ ಹರಿದು ಹಾಕುತ್ತಿದ್ದ. ತಲೆಗೂದಲು ಹೋಯಿತು, ಬಲ ಹೋಯಿತು, ಶತ್ರುಗಳು ಕಣ್ಣೂ ಕಿತ್ತರು. ಇದೊಂದು ಸಲ ಬಲ ಕೊಡು, ಕಣ್ಣಿನ ಸೇಡು ತೀರಿಸಿಕೊಳ್ಳುತ್ತೇನೆ ಎಂದು ಬೇಡಿ, ಗಾಜಾದ ಗುಡಿಯ ಕಂಬಗಳನ್ನು ಉರುಳಿಸಿದ. ತಾನೂ ಅದರಡಿ ಸತ್ತ.

ಹನುಮನಿಗೂ ಹಗ್ಗದ ಪ್ರಸಂಗವಿದೆ. ಸುಂದರಕಾಂಡದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು, ಸಮುದ್ರ ಹಾರಿದ್ದಕ್ಕಿಂತಲೂ. ಇಂದ್ರಜಿತು ಬ್ರಹ್ಮಾಸ್ತ್ರದಿಂದ ಕಟ್ಟುತ್ತಾನೆ. ಅದು ತಿಳಿಯದ ರಾಕ್ಷಸರು ಓಡಿ ಬಂದು ನಾರಿನ ಹಗ್ಗ ಸುತ್ತುತ್ತಾರೆ. ಬೇರೆ ಕಟ್ಟು ಬಿದ್ದ ಕೂಡಲೇ ಅಸ್ತ್ರ ಬಿಟ್ಟುಹೋಗುತ್ತದೆ. ಇಂದ್ರಜಿತು ಕೆಲಸ ಕೆಟ್ಟಿತೆಂದು ಕಳವಳಪಡುತ್ತಾನೆ. ಹನುಮ ಮಾತ್ರ ಏನೂ ಆಗಿಲ್ಲವೆಂಬಂತೆ ಸುಮ್ನೆ ಇರುತ್ತಾನೆ. ಗುದ್ದುತ್ತಾರೆ, ಎಳೆಯುತ್ತಾರೆ, ಬಿಡಿಸಿಕೊಳ್ಳುವುದಿಲ್ಲ. ರಾವಣನನ್ನು ಕಣ್ಣಾರೆ ನೋಡಬೇಕಿತ್ತಲ್ವಾ? ರಾಮನ ಕೆಲಸ ಅಲ್ಲಿತ್ತು. ಸಂಸೋನ ಹಗ್ಗ ಹರಿದದ್ದು ಬಲವೇ, ಇಲ್ಲವೆನ್ನುವುದಿಲ್ಲ. ನಾನು ಕೈಮುಗಿಯುವುದು ಮಾತ್ರ ಹರಿಯದೆ ಹಿಡಿದಿಟ್ಟ ಈ ಬಲಕ್ಕೆ.

ತನಗಾಗಿ ಆತ ಬಲ ಕೇಳಿದ್ದು ನನಗಂತೂ ನೆನಪಾಗುವುದಿಲ್ಲ. ಚಿಕ್ಕಂದಿನ ತುಂಟಾಟಕ್ಕೆ ಋಷಿಗಳ ಶಾಪವಾಗಿ ಇದ್ದದ್ದೂ ಮರೆತುಹೋಗಿತ್ತು. ಕಡಲ ದಂಡೆಯಲ್ಲಿ ಕಪಿಗಳೆಲ್ಲ ಕೈಚೆಲ್ಲಿ ಕೂತಾಗ ಜಾಂಬವಂತ ನೆನಪಿಸಬೇಕಾಯಿತು. ಆಗ ಬೆಳೆದು ನಿಂತ.

ನಾವೋ, ವ್ರತದ ದಿನ ಕೇಳುವುದೇ ಬಲ, ಆರೋಗ್ಯ, ಧೈರ್ಯ. ಕೇಳಲಿ ಬಿಡಿ, ದೇವರ ಮುಂದೆ ಏನು ಸಂಕೋಚ. ಆದರೆ ಸಂಕಲ್ಪ ಮಾಡಿಸುವಾಗ ಪುರೋಹಿತರು ‘ಸಹಕುಟುಂಬಾನಾಂ’ ಎಂದು ಹೇಳಿಸುತ್ತಾರೆ. ಈಚೆಗೆ ಆ ಜಾಗದಲ್ಲಿ ನಾನು ಗಡಿಬಿಡಿ ಮಾಡುವುದಿಲ್ಲ. ಮನೆಯವರು, ನೆಂಟರು, ಹಾಸಿಗೆ ಹಿಡಿದವರು, ಒಬ್ಬೊಬ್ಬರನ್ನೇ ನೆನೆಯುತ್ತಾ ಹೋಗುತ್ತೇನೆ. ಅಷ್ಟು ಹೊತ್ತಿಗೆ ಪುರೋಹಿತರು ಮುಂದಿನ ಮಂತ್ರಕ್ಕೆ ಹೋಗಿರುತ್ತಾರೆ.